ಪಟ್ಟಿಯಲ್ಲಿಲ್ಲದ ಆರು ಜನ

ನಮ್ಮ ಅಲಿಸಾಲ್ ಕಣಿವೆಯ ಬಾಯಿಯಲ್ಲಿ ಇರುವುದು ಹದಿನಾಲ್ಕೇ ಮನೆ. ಮೂರು ವರ್ಷದ ಹಿಂದೆ ಈ ಹದಿನಾಲ್ಕು ಮನೆಯವರ ಬಾಯಲ್ಲೂ ಒಂದೇ ಮಾತಿತ್ತು: "ಹಳ್ಳದ ನೀರು ನಾರ್ತಾ ಇದೆ."

ನಾರದೆ ಏನು ಮಾಡೀತು? ಸುತ್ತ ಎತ್ತ ನೋಡಿದರೂ ಕಲ್ಲು, ಕಳ್ಳಿ, ಬಿಸಿಲು. ವರ್ಷವಿಡೀ ನೀರು ಹರಿಯುವುದು ಈ ಒಂದು ಕಣಿವೆಯಲ್ಲಿ ಮಾತ್ರ. ಆ ನೀರಿಗೆ ಸುರುಳಿ ಕೊಂಬಿನ ಕಾಡುಕುರಿ ಬರುತ್ತದೆ, ಹದ್ದು ಬರುತ್ತದೆ. ಟೂಸಾನ್, ಫೀನಿಕ್ಸ್‌ನಂಥ ದೊಡ್ಡ ಪಟ್ಟಣಗಳ ಕಡೆಯಿಂದ ಕಾರುಗಳೂ ಬರುತ್ತವೆ. ಶನಿವಾರ ಬಂತೆಂದರೆ ನಮ್ಮ ಮನೆಗಳ ಮುಂದೆ ನಮ್ಮ ಗಾಡಿ ನಿಲ್ಲಿಸಲಿಕ್ಕೇ ಜಾಗವಿಲ್ಲ. ಬಂದವರ ಜೊತೆ ನಾಯಿ, ನಾಯಿಯ ಜೊತೆ ಗದ್ದಲ. ಮರದ ಬುಡದಲ್ಲೆಲ್ಲ ಕಾಗದ. ಕಾಗದದ ಕೆಳಗೆ ಏನಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಕಣಿವೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಯವರು ಚರ್ಚಿನ ಹಾಲ್‌ನಲ್ಲಿ ಸಭೆ ಕರೆದರು. ಇನ್ನು ಮೇಲೆ ದಿನಕ್ಕೆ ನಲವತ್ತೇ ಜನ. ಹೆಸರು ಬರೆಸಿ ಒಳಗೆ ಹೋಗಬೇಕು, ಹೊರಗೆ ಬಂದಾಗ ಹೇಳಿ ಹೋಗಬೇಕು. ನಾಯಿ ಬೇಡ. ತಂದದ್ದೆಲ್ಲ ವಾಪಸ್ ಒಯ್ಯಬೇಕು, ಆ ಕಾಗದದ ಕೆಳಗಿನದ್ದನ್ನೂ. ಅದಕ್ಕೆ ಬೇರೆ ಚೀಲ ಕೊಡುತ್ತಾರಂತೆ. "ಇದನ್ನೆಲ್ಲ ನೋಡ್ಕೊಳ್ಳೋಕೆ ಊರಿನವರನ್ನೇ ಒಬ್ಬರನ್ನ ತಗೋತೀವಿ. ಅರ್ಜಿ ಹಾಕಿ" ಎಂದರು.

ಎಲ್ಲರೂ ತಿರುಗಿ ಎರ್ಮಿನಿಯಾಳನ್ನು ನೋಡಿದರು. ಆಕೆಗೆ ಐವತ್ತೆಂಟು. ಕಣಿವೆಯ ಬಾಯಲ್ಲೇ ಹುಟ್ಟಿದವಳು. ಆಕೆಯ ಅಪ್ಪ ದೋನ್ ಪ್ರೋಸ್ಪೆರೊ ಕಣಿವೆಯೊಳಗೆ ಮೇಕೆ ಮೇಯಿಸಿ ಬದುಕಿದವನು. ಅಪ್ಪನ ಹಿಂದೆ ಓಡಾಡಿ ಒಳಗಿನ ಒಂದೊಂದು ಬಂಡೆಯನ್ನೂ ಬಲ್ಲವಳು. ಎಲ್ಲರ ಕಣ್ಣು ತನ್ನ ಮೇಲೆ ಬಿದ್ದಾಗ ಎರ್ಮಿನಿಯಾ ಮದುಮಗಳ ಹಾಗೆ ತಲೆ ತಗ್ಗಿಸಿದಳು.

ಮನೆಗೆ ಬಂದು ಕಾದಳು. ಒಂದು ವಾರವಾಯಿತು, ಎರಡಾಯಿತು.

"ಅರ್ಜಿ ಹಾಕಿದ್ಯಾ?" ಎಂದು ಗಂಡ ಚೆಂಚೊ ಕೇಳಿದ.

"ನಾನ್ಯಾಕೆ ಹಾಕ್ಲಿ? ಈ ಕಣಿವೇಲಿ ಹುಟ್ಟಿದೋಳು ನಾನು. ಬೇಕಾದ್ರೆ ಅವರೇ ಮನೆ ಬಾಗಿಲಿಗೆ ಬಂದು ಕೇಳ್ಲಿ."

"ಸರ್ಕಾರ ಯಾರ ಮನೆ ಬಾಗಿಲಿಗೂ ಬರಲ್ಲ ಮುದುಕಿ."

"ಹಾಗಾದ್ರೆ ಸರ್ಕಾರಕ್ಕೇ ನಷ್ಟ."

ಅರ್ಜಿ ಹಾಕಿದ್ದು ನೊಯೆಮಿ. ಚೆಂಚೊನ ಕಿರಿ ತಮ್ಮ ಲಾಲೊನ ಹೆಂಡತಿ, ಎರ್ಮಿನಿಯಾಳ ವಾರಗಿತ್ತಿ. ಒಂಬತ್ತು ವರ್ಷದ ಹಿಂದೆ ಪಟ್ಟಣದಿಂದ ಮದುವೆಯಾಗಿ ಬಂದವಳು. ಬಂದ ಹೊಸದರಲ್ಲಿ ಚೇಳು ಕಂಡರೆ ಕುರ್ಚಿ ಹತ್ತುತ್ತಿದ್ದಳು. ಈಗ ಕೆಲಸ ಅವಳಿಗೆ ಸಿಕ್ಕಿತು. ಕಂದು ಅಂಗಿ, ಎದೆಯ ಮೇಲೆ ಹೆಸರಿನ ಬಿಲ್ಲೆ, ಸೊಂಟದಲ್ಲಿ ರೇಡಿಯೋ.

ಆ ದಿನ ಎರ್ಮಿನಿಯಾ ಊಟ ಮಾಡಲಿಲ್ಲ. ಹಸಿವಿಲ್ಲ ಎಂದಳು. ಹೊಟ್ಟೆ ತುಂಬ ಕಿಚ್ಚಿರುವಾಗ ಹಸಿವಿಗೆ ಜಾಗವೆಲ್ಲಿ?

ಎರ್ಮಿನಿಯಾ ರಸ್ತೆ ಬದಿಯಲ್ಲಿ ತಿಂಡಿ ಅಂಗಡಿ ಇಟ್ಟಿದ್ದಳು. ತಟ್ಟೆಯಗಲದ ಗೋಧಿ ರೊಟ್ಟಿ, ಅಂದರೆ ಟೋರ್ಟಿಯಾ, ಒಳಗೆ ಬೀನ್ಸು, ಮೇಲೆ ಕಾಳುಮೆಣಸಿನಷ್ಟೇ ಇರುವ ಕಾಡು ಮೆಣಸಿನಕಾಯಿಯ ಚಟ್ನಿ. ಅಂಗಡಿಯಲ್ಲಿ ಕೂತರೆ ಎದುರಿಗೇ ನೊಯೆಮಿ ಪಟ್ಟಿ ಬರೆಯುವ ಮೇಜು ಕಾಣುತ್ತದೆ. ಬಂದವರು ಅವಳ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುವುದು ಕಾಣುತ್ತದೆ. ಅವಳು ಕೈ ಚಾಚಿ ಕಣಿವೆ ತೋರಿಸುವುದು ಕಾಣುತ್ತದೆ. ತನ್ನ ಅಪ್ಪನ ಕಣಿವೆ! ಎರ್ಮಿನಿಯಾ ಹಿಟ್ಟನ್ನು ಎಷ್ಟು ಜೋರಾಗಿ ನಾದುತ್ತಿದ್ದಳೆಂದರೆ ಮೇಜಿನ ಕಾಲು ಸಡಿಲವಾಯಿತು.

ನೊಯೆಮಿ ಮಾತ್ರ ದಿನಾ ಬೆಳಿಗ್ಗೆ ಅಂಗಡಿಗೆ ಬಂದು ಕಾಫಿ ಕುಡಿಯುತ್ತಿದ್ದಳು. ಒಂದು ದಿನ ಹೊಸ ಚೀಲಗಳ ಕಟ್ಟು ತಂದಿದ್ದಳು.

"ಅಕ್ಕ, ಈ ಚೀಲ ನಿಮ್ಮ ಅಂಗಡೀಲೂ ಇಟ್ಟಿರ್ತೀರಾ? ಮರೆತು ಬಂದೋರಿಗೆ ಕೊಡಬಹುದು."

"ನಾನು ಊಟ ಮಾರೋಳು ಕಣಮ್ಮ. ಊಟ ಆದಮೇಲಿನದ್ದು ನಿನ್ನ ಇಲಾಖೆ."

ಚೆಂಚೊ ನಕ್ಕುಬಿಟ್ಟ. ಹೆಂಡತಿ ಅವನತ್ತ ನೋಡಿದಳು. ಅವನು ಕಾಫಿ ಲೋಟದೊಳಗೆ ಮುಖ ಹುದುಗಿಸಿದ.

"ನಮ್ಮಪ್ಪ ಅರವತ್ತು ವರ್ಷ ಒಳಗೆ ಹೋಗಿ ಬಂದ. ಒಂದು ದಿನಾನಾದ್ರೂ ಚೀಲ ಕಟ್ಕೊಂಡು ಬಂದನಾ? ಮಣ್ಣಲ್ಲಿ ಮಣ್ಣಾಗತ್ತೆ ಬಿಡು."

"ಮಳೆ ಬೀಳೋ ಊರಲ್ಲಿ ಆಗತ್ತೆ ಅಕ್ಕ. ಇಲ್ಲಿ ಮಣ್ಣು ಒಣಗಿ ಬೂದಿ ಆಗಿದೆ, ಏನೂ ಕೊಳೆಯಲ್ಲ. ಹಳ್ಳ ಬಂದಾಗ ಎಲ್ಲಾ ತೊಳ್ಕೊಂಡು ನೀರಿಗೇ ಹೋಗತ್ತೆ. ನಿಮ್ಮಪ್ಪ ಒಬ್ಬರು. ಹೋದ ವರ್ಷ ಬಂದೋರು ಹನ್ನೊಂದು ಸಾವಿರ."

"ಹೂಂ. ಪುಸ್ತಕದಲ್ಲಿ ಓದಿದ್ದಾ?"

"ಇಲಾಖೆಯವರು ಎಣಿಸಿದ್ದು."

"ಮತ್ತೆ ಆ ಪಟ್ಟಿ ಯಾಕೆ? ಜನ ಏನು ಕಳ್ಳರಾ, ಹೋಗ್ತಾ ಬರ್ತಾ ಹೆಸರು ಬರ್ಕೊಳ್ಳೋಕೆ?"

"ಒಳಗೆ ಯಾರಿದಾರೆ ಅಂತ ಯಾರಿಗಾದ್ರೂ ಗೊತ್ತಿರ್ಬೇಕಲ್ಲ ಅಕ್ಕ."

"ನಾನು ಕಾಲ ಸಪ್ಪಳದಲ್ಲೇ ಹೇಳ್ತೀನಿ."

ನೊಯೆಮಿ ನಕ್ಕು, ಲೋಟ ತೊಳೆದಿಟ್ಟು ಹೋದಳು. ಅವಳು ತಿರುಗಿ ಜಗಳ ಆಡದಿದ್ದುದೇ ಎರ್ಮಿನಿಯಾಗೆ ಇನ್ನಷ್ಟು ಉರಿ. ಚೀಲದ ಕಟ್ಟನ್ನು ಎತ್ತಿ ಒಲೆಯ ಹಿಂದೆ ಎಸೆದಳು. "ನೋಡಿದ್ಯಾ ಗರ್ವ?" ಎಂದು ಗಂಡನನ್ನು ಕೇಳಿದಳು.

"ಲೋಟ ತೊಳೆದದ್ದು ಗರ್ವಾನಾ?" ಎಂದ ಚೆಂಚೊ.

ಜುಲೈ ಬಂತು. ಮಧ್ಯಾಹ್ನ ಬೆಟ್ಟದ ಮೇಲೆ ಮೋಡ ಕಟ್ಟುವ ತಿಂಗಳು. ಒಂದು ಶನಿವಾರ ಬೆಳಿಗ್ಗೆ ದೊಡ್ಡ ವ್ಯಾನೊಂದು ಬಂದು ನಿಂತಿತು. ಆರು ಜನ, ಒಂದು ಹಳದಿ ನಾಯಿ. ಡ್ವೇನ್ ಎಂಬ ದಪ್ಪ ಮನುಷ್ಯ, ಅವನ ತಾಯಿ ಲೊರೇನ್, ಹೆಂಡತಿ, ಮತ್ತೆ ಮೂವರು ನೆಂಟರು. ನೊಯೆಮಿಯ ಮೇಜಿನ ಬಳಿ ಸ್ವಲ್ಪ ಹೊತ್ತು ವಾದ ನಡೆಯಿತು. ಆ ದಿನದ ಪಟ್ಟಿ ತುಂಬಿತ್ತು. ಜೊತೆಗೆ ನಾಯಿ ಬೇರೆ. ಅವರು ಮುಖ ಇಳಿಸಿಕೊಂಡು ಎರ್ಮಿನಿಯಾಳ ಅಂಗಡಿಗೆ ಬಂದು ಕೂತರು.

"ಆರು ಗಂಟೆ ಗಾಡಿ ಓಡಿಸ್ಕೊಂಡು ಬಂದ್ವಿ" ಎಂದ ಡ್ವೇನ್. "ಆ ಹುಡುಗಿ ಕಾಗದ ತೋರಿಸಿ ವಾಪಸ್ ಕಳಿಸ್ತಾಳೆ. ಕಣಿವೆ ಏನು ಅವರಪ್ಪಂದಾ?"

ಎರ್ಮಿನಿಯಾ ಕಾವಲಿಯಿಂದ ತಲೆ ಎತ್ತಿದಳು. "ಅವರಪ್ಪಂದಲ್ಲ. ನಮ್ಮಪ್ಪಂದು."

ಆಮೇಲೆ ಮಾತು ತಾನಾಗಿಯೇ ಹರಿಯಿತು. ಅಪ್ಪನ ಮೇಕೆಗಳು, ಬಿಳಿ ತೊಗಟೆಯ ಮೂರು ದೊಡ್ಡ ಆಲಿಸೊ ಮರಗಳ ಕೆಳಗಿನ ಮಡು, ಆ ಮಡುವಿನಲ್ಲಿ ಬೆರಳುದ್ದದ ಮೀನು, ಎಂಥ ಬಿಸಿಲಲ್ಲೂ ಕಾಲಿಟ್ಟರೆ ಜುಮ್ಮೆನ್ನುವ ನೀರು. ಅವರು ತಿನ್ನುವುದು ನಿಲ್ಲಿಸಿ ಕೇಳಿದರು. ಮುದುಕಿ ಲೊರೇನ್ ಎರ್ಮಿನಿಯಾಳ ಕೈ ಹಿಡಿದು, "ಈ ಕಣಿವೆಗೆ ನಿಜವಾದ ಯಜಮಾನಿ ನೀವೇ. ಆ ಮೇಜಿನ ಹಿಂದೆ ನೀವು ಕೂತಿರಬೇಕಿತ್ತು" ಎಂದಳು.

ಎಷ್ಟು ತಿಂಗಳಿಂದ ಎರ್ಮಿನಿಯಾ ಈ ಮಾತಿಗೆ ಬಾಯಾರಿದ್ದಳು! ಊರಿನವರು ಯಾರೂ ಹೇಳಿರಲಿಲ್ಲ, ಗಂಡನೂ ಹೇಳಿರಲಿಲ್ಲ. ಯಾರೋ ದಾರಿಹೋಕಳು ಹೇಳಿದಳು.

ಸೊಂಟಕ್ಕೆ ಸುತ್ತಿಕೊಂಡಿದ್ದ ಅಡುಗೆಯ ಬಟ್ಟೆಯನ್ನು ಬಿಚ್ಚಿಟ್ಟು, ಎರ್ಮಿನಿಯಾ ಅವರನ್ನು ಮನೆಯ ಹಿಂದಕ್ಕೆ ಕರೆದೊಯ್ದಳು. ಅಲ್ಲಿ ಅಪ್ಪನ ಕಾಲದ ಕಬ್ಬಿಣದ ಗೇಟು. ಅದರಾಚೆ ಮೇಕೆ ದಾರಿ. ಅರ್ಧ ಮೈಲಿ ಹೋದ ಮೇಲೆ ಅದು ಎರಡಾಗುತ್ತದೆ.

"ಕೆಳಗಿನ ದಾರಿ ಹಿಡಿದು ಹೋಗಿ, ನೆಟ್ಟಗೆ ಮಡುವಿಗೇ ಇಳಿಯತ್ತೆ. ಯಾರೂ ಕೇಳಲ್ಲ. ಕೇಳಿದ್ರೆ ಎರ್ಮಿನಿಯಾ ಕಳಿಸಿದ್ಲು ಅನ್ನಿ."

"ನಾಯಿ?"

"ನಾಯೀನೂ ದೇವರದ್ದೇ. ಹೋಗಿ."

ಗೇಟು ಮುಚ್ಚಿ ಬಂದು, ಎದುರಿನ ಮೇಜಿನ ಹಿಂದೆ ಕೂತಿದ್ದ ನೊಯೆಮಿಯನ್ನು ಕಣ್ತುಂಬ ನೋಡಿದಳು. ಆ ದಿನ ಎರ್ಮಿನಿಯಾ ಮಾಡಿದ ಟೋರ್ಟಿಯಾ ಹೂವಿನ ಹಾಗಿತ್ತು ಎಂದು ತಿಂದವರು ಈಗಲೂ ಹೇಳುತ್ತಾರೆ.

ಮಧ್ಯಾಹ್ನ ಒಂದೂವರೆಗೆ ನೊಯೆಮಿಯ ರೇಡಿಯೋ ಕೂಗಿತು. ಮೇಲಿನ ಬೆಟ್ಟದಲ್ಲಿ ಭಾರಿ ಮಳೆ. ನಮ್ಮ ತಲೆಯ ಮೇಲೆ ಒಂದು ಹನಿ ಇಲ್ಲ, ಬಿಸಿಲು ಸುಡುತ್ತಿದೆ. ಹಾಗಿದ್ದೂ ಹಳ್ಳ ಬರಲು ಒಂದು ಗಂಟೆ ಸಾಕು. ನೊಯೆಮಿ ಸೀಟಿ ಊದುತ್ತಾ ಒಳಗೆ ಓಡಿದಳು. ಜನ ದಡಬಡ ಹೊರಗೆ ಬಂದರು. ಅವಳು ಒಬ್ಬೊಬ್ಬರ ಹೆಸರನ್ನೇ ಕೂಗಿ ಗೀಟು ಹಾಕಿದಳು. ಎರಡೂಕಾಲರ ಹೊತ್ತಿಗೆ ಮುಗಿಯಿತು.

ಬೆವರು ಸುರಿಸುತ್ತಾ ಅಂಗಡಿಗೆ ಬಂದಳು. "ನೀರು ಕೊಡಿ ಅಕ್ಕ. ನಲವತ್ತಕ್ಕೆ ನಲವತ್ತೂ ಹೊರಗೆ ಬಂದ್ರು. ಒಬ್ಬರೂ ಬಾಕಿ ಇಲ್ಲ."

ಅಂಗಡಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಚೆಂಚೊ ಎದ್ದು ನಿಂತು, "ಭೇಷ್ ಮಗಳೇ! ನಮ್ಮ ಮನೆತನದ ಹೆಸರು ಉಳಿಸ್ದೆ" ಎಂದ.

ಎರ್ಮಿನಿಯಾ ಕಾವಲಿಯ ಮುಂದೆ ನಿಂತಿದ್ದಳು. ಆರು ಜನ. ಬಂದಿದ್ದಾರೋ ಇಲ್ಲವೋ? ಬಂದಿದ್ದರೆ ವ್ಯಾನ್ ಹೋಗಿರಬೇಕಿತ್ತು. ವ್ಯಾನ್ ಅಲ್ಲೇ ಇತ್ತು. ಹೇಳಬೇಕು. ಹೇಳಿದರೆ? ಈ ಚಪ್ಪಾಳೆಯ ನಡುವೆ, ಗಂಡನ ಎದುರಿಗೆ, ಇವಳ ಎದುರಿಗೆ, "ನಾನು ಗೇಟು ತೆಗೆದೆ" ಅನ್ನಬೇಕು. ಇವಳು ಗೆಲ್ಲುತ್ತಾಳೆ. ಇನ್ನು ಸಾಯುವ ತನಕ ಇವಳೇ ಗೆದ್ದಳು ಎಂದಾಗುತ್ತದೆ. ಅವರೇ ಬರುತ್ತಾರೆ ಬಿಡು, ಕಾಲಿಲ್ಲವೇ ಅವರಿಗೆ? ಒಂದು ಟೋರ್ಟಿಯಾ ತಟ್ಟಿದಳು. ಇನ್ನೊಂದು ತಟ್ಟಿದಳು. ಮೂರನೆಯದು ಕಾವಲಿಯ ಮೇಲೆ ಹೊಗೆಯಾಡಿ ಕರಿಯಾಯಿತು. ಆಕೆ ಅದನ್ನು ಮಗುಚಲಿಲ್ಲ.

"ಏನಾಯ್ತೇ?" ಎಂದ ಚೆಂಚೊ.

"ಒಳಗೆ ಇನ್ನೂ ಆರು ಜನ ಇದಾರೆ."

ಅಂಗಡಿಯಲ್ಲಿದ್ದವರೆಲ್ಲ ಆಕೆಯತ್ತ ತಿರುಗಿದರು.

"ನಾನೇ ಕಳಿಸ್ದೆ. ಹಿಂದಿನ ಗೇಟಿಂದ."

ನೊಯೆಮಿಯ ಕೈಯ ಲೋಟ ಅರ್ಧದಲ್ಲೇ ನಿಂತಿತು. ಅವಳು ಬಯ್ಯುತ್ತಾಳೆ ಎಂದು ಎರ್ಮಿನಿಯಾ ಕಾದಳು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು.

"ಎಲ್ಲಿಗೆ?" ಎಂದಳು ನೊಯೆಮಿ.

"ಮೂರು ಮರದ ಮಡುವಿಗೆ."

"ಅದು ಎಲ್ಲಿ ಬರತ್ತೆ ಅಕ್ಕ? ನನ್ನ ನಕ್ಷೆಲಿ ಆ ಹೆಸರಿಲ್ಲ."

ನೊಯೆಮಿ ರೇಡಿಯೋದಲ್ಲಿ ಸಹಾಯ ಕೇಳಿದಳು. ರಕ್ಷಣಾ ತಂಡ ಬರಲು ಎರಡು ಗಂಟೆ. ಗುಡುಗಿನಲ್ಲಿ ಹೆಲಿಕಾಪ್ಟರ್ ಹಾರುವುದಿಲ್ಲ. ಅವಳು ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡಳು. "ನೀವು ಮುಂದೆ ನಡೀರಿ ಅಕ್ಕ. ಕೆಳಗೆ ಇಳಿಯೋದು ಬೇಡ, ಮೇಲಿಂದಾನೇ ಹೋಗೋ ದಾರಿ ಇದ್ರೆ ಹೇಳಿ."

ಇತ್ತು. ಮೇಕೆ ದಾರಿಯ ಮೇಲಿನ ಕವಲು ಬಂಡೆಗಳ ನೆತ್ತಿಯ ಮೇಲೆ ಹೋಗುತ್ತದೆ. ಮಂಡಿನೋವಿನ ಎರ್ಮಿನಿಯಾ ಮುಂದೆ, ನೊಯೆಮಿ ನಡುವೆ, ಚೆಂಚೊ ಹಿಂದೆ. ಅರ್ಧ ದಾರಿಯಲ್ಲೇ ಸದ್ದು ಕೇಳಿತು. ನೀರಿನ ಸದ್ದಲ್ಲ, ನೀರು ಉರುಳಿಸುವ ಬಂಡೆಗಳ ಸದ್ದು. ಆಮೇಲೆ ಹಸಿ ಮಣ್ಣಿನ ವಾಸನೆ. ಹಳ್ಳ ಬಂದಿತ್ತು.

ಮಡುವಿನ ಮೇಲೆ ನಿಂತು ನೋಡಿದರೆ ಮಡುವೇ ಇಲ್ಲ. ಕೆಂಪು ನೀರು ಗೋಡೆಯಿಂದ ಗೋಡೆಗೆ ಉಕ್ಕುತ್ತಿತ್ತು. ಐದು ಜನ ಎದುರಿನ ದಿನ್ನೆಯೊಂದಕ್ಕೆ ಹತ್ತಿ ಕೂತಿದ್ದರು. ಅದು ಎತ್ತರದಲ್ಲಿತ್ತು, ಅವರಿಗೆ ಭಯವಿರಲಿಲ್ಲ. ಮುದುಕಿ ಲೊರೇನ್ ಮಾತ್ರ ಈಚೆ ಬದಿಯಲ್ಲಿ, ಒಂದು ಆಲಿಸೊ ಮರ ತಬ್ಬಿಕೊಂಡು ನಿಂತಿದ್ದಳು. ನೀರು ಸೊಂಟ ಮುಟ್ಟಿತ್ತು. ನಾಯಿ ಕಾಡುಕುರಿ ಅಟ್ಟಿಸಿಕೊಂಡು ಈಚೆ ಓಡಿತ್ತಂತೆ, ಅದನ್ನು ಕರೆತರಲು ಆಕೆ ಹಿಂದೆ ಬಂದಿದ್ದಳಂತೆ.

ಬೆಳಿಗ್ಗೆ ಎರ್ಮಿನಿಯಾಳನ್ನು ಯಜಮಾನಿ ಎನ್ನುತ್ತಾ ಹಿಡಿದಿದ್ದ ಕೈಗಳು ಅವು.

ನೊಯೆಮಿ ಹಗ್ಗವನ್ನು ಬಂಡೆಗೆ ಸುತ್ತಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದುಕೊಂಡಳು. ಇದು ಅವಳು ಕಲಿತು ಬಂದ ವಿದ್ಯೆ. ಚೆಂಚೊ ಹಗ್ಗ ಹಿಡಿದ. ಆದರೆ ಇಳಿಯುವವಳಿಗೆ ತನ್ನ ಕಾಲ ಕೆಳಗಿನದು ಕಾಣುವುದಿಲ್ಲ. ಎರ್ಮಿನಿಯಾ ಬಂಡೆಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿದಳು.

"ಬಲಗಡೆ ಬೇಡ, ಜಾರತ್ತೆ! ಎಡಗಡೆ. ಇನ್ನೂ ಎಡಗಡೆ. ನಮ್ಮಪ್ಪ ಕೊರೆದ ಮೆಟ್ಲಿದೆ, ಕಾಲಲ್ಲಿ ತಡಕು."

"ಸಿಕ್ತು!"

"ಅದರ ಕೆಳಗೆ ಇನ್ನೊಂದು. ಕಾಲು ಅಗಲಿಸು. ಹೆದರ್ಬೇಡ ಮಗಳೇ, ನಾನು ನೋಡ್ತಾ ಇದೀನಿ."

ಮಗಳೇ ಎಂದದ್ದು ಆಕೆಗೇ ಗೊತ್ತಾಗಲಿಲ್ಲ. ಏಳು ಮೆಟ್ಟಿಲು. ಏಳನೆಯದು ನೀರಿನಲ್ಲಿ ಮುಳುಗಿತ್ತು. ನೊಯೆಮಿ ಲೊರೇನ್‌ಳ ತೋಳಿನ ಕೆಳಗೆ ಹಗ್ಗ ತೂರಿಸಿ ಕಟ್ಟಿದಳು. ತೇಲಿ ಬಂದ ಮರದ ದಿಮ್ಮಿಯೊಂದು ಮುದುಕಿಯ ಮುಂಗೈಗೆ ಬಡಿದು ಮೂಳೆ ಮುರಿಯಿತು. ಆ ಕಿರುಚಾಟ ಇಡೀ ಕಣಿವೆಗೆ ಕೇಳಿತು. ಮೇಲಿಂದ ಇಬ್ಬರು ಎಳೆದರು, ಕೆಳಗಿಂದ ಒಬ್ಬಳು ನೂಕಿದಳು. ಲೊರೇನ್ ಮೇಲೆ ಬಂದಳು. ಆಮೇಲೆ ನೊಯೆಮಿ ಬಂದಳು. ನಾಯಿ ಬರಲಿಲ್ಲ.

ನೀರಿಳಿದ ಮೇಲೆ ರಕ್ಷಣಾ ತಂಡ ಉಳಿದ ಐವರನ್ನು ಕರೆತಂದಿತು. ಹೋಗುವಾಗ ಡ್ವೇನ್ ಎರ್ಮಿನಿಯಾಳ ಮುಖ ನೋಡಲಿಲ್ಲ. ಆಂಬುಲೆನ್ಸಿನಲ್ಲಿದ್ದ ಲೊರೇನ್ ನೋಡಿದಳು.

ನೊಯೆಮಿ ಇಲಾಖೆಗೆ ವರದಿ ಬರೆದಳು. ಗೇಟು ತೆರೆದದ್ದು ಎರ್ಮಿನಿಯಾ ಎಂದು ಬರೆದಳು. ಎರ್ಮಿನಿಯಾ ದಾರಿ ತೋರದಿದ್ದರೆ ಲೊರೇನ್ ಬದುಕುತ್ತಿರಲಿಲ್ಲ ಎಂದೂ ಬರೆದಳು. ಇಲಾಖೆ ದಂಡ ಹಾಕಿತು, ಎರ್ಮಿನಿಯಾ ಕಟ್ಟಿದಳು. ವರದಿಯನ್ನು ಓದಿಸಿಕೊಂಡು ಕೇಳಿದಾಗ, "ಸುಳ್ಳು ಬರೆದಿದ್ರೆ ದ್ವೇಷ ಮಾಡ್ಬಹುದಿತ್ತು. ಇವಳು ಅದಕ್ಕೂ ಬಿಡಲಿಲ್ಲ" ಎಂದು ಗೊಣಗಿದಳು.

ಹದಿನೈದು ದಿನ ಅಂಗಡಿ ತೆರೆಯಲಿಲ್ಲ. ಹದಿನಾರನೆಯ ದಿನ ನೊಯೆಮಿ ದೊಡ್ಡ ನಕ್ಷೆಯೊಂದನ್ನು ಸುತ್ತಿಕೊಂಡು ಬಂದು ಅಡುಗೆಮನೆಯ ಮೇಜಿನ ಮೇಲೆ ಹಾಸಿದಳು.

"ಅಕ್ಕ, ಒಳಗಿನ ಜಾಗಗಳ ಹೆಸರು ಹೇಳಿ. ಬರ್ಕೋತೀನಿ. ಅವತ್ತು ಮೂರು ಮರದ ಮಡು ಎಲ್ಲಿದೆ ಅಂತ ನನಗೆ ಗೊತ್ತಿರ್ಲಿಲ್ಲ. ನೀವು ಮನೇಲಿ ಇರದಿದ್ರೆ ಏನ್ ಮಾಡ್ತಿದ್ದೆ?"

ಎರ್ಮಿನಿಯಾ ನಕ್ಷೆಯನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. "ನನ್ನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ, ಗೊತ್ತಾ ನಿಂಗೆ?"

"ಗೊತ್ತು. ನಂಗೂ ಇದೆ."

"ನಿಂಗಾ? ಯಾರ ಮೇಲೆ?"

"ನಿಮ್ಮ ಮೇಲೇ. ನಾನು ಎಷ್ಟು ಓದಿದ್ರೂ, ಎಷ್ಟು ತರಬೇತಿ ತಗೊಂಡ್ರೂ, ಇಲ್ಲಿ ಹುಟ್ಟೋಕಾಗಲ್ಲ. ಕೆಳಗೆ ಇಳೀತಾ ಇದ್ದಾಗ ನೀವು ಮೆಟ್ಟಿಲು ಒಂದೊಂದೂ ಹೇಳಿದ್ರಲ್ಲ, ಆಗಲೂ ಹೊಟ್ಟೆ ಉರೀತು. ಜೀವ ಕೈಲಿ ಹಿಡ್ಕೊಂಡಿದ್ದಾಗಲೂ."

ಎರ್ಮಿನಿಯಾ ಕುರ್ಚಿ ಎಳೆದುಕೊಂಡು ಕೂತಳು. ಸಂಜೆಯ ತನಕ ಮೂವತ್ತೊಂದು ಹೆಸರು ಹೇಳಿದಳು. ಮೂವತ್ತೆರಡನೆಯದು ಕಾಡು ಮೆಣಸಿನಕಾಯಿ ಬೆಳೆಯುವ ಜಾಗ. ಅದನ್ನು ಹೇಳಲಿಲ್ಲ. "ಅದು ನನ್ನ ಹೊಟ್ಟೆಪಾಡು" ಎಂದಳು. ಎದ್ದು ಹೋಗಿ ಹಿಂದಿನ ಗೇಟಿಗೆ ಬೀಗ ಹಾಕಿ, ಬೀಗದ ಕೈ ತಂದು ನಕ್ಷೆಯ ಮೇಲಿಟ್ಟಳು.

ಈಗ ಶನಿವಾರ ನೀವು ಬಂದರೆ ಆ ಮೇಜಿನ ಹಿಂದೆ ಇಬ್ಬರು ಕೂತಿರುತ್ತಾರೆ. ನೊಯೆಮಿ ಪಟ್ಟಿ ಬರೆಯುತ್ತಾಳೆ. ಎರ್ಮಿನಿಯಾ ಚೀಲ ಹಂಚುತ್ತಾಳೆ, ಜೊತೆಗೆ ಬಯ್ಗುಳವನ್ನೂ. "ಒಬ್ಬರು ಜಾಸ್ತಿ ಆದ್ರೆ ಏನಾಗತ್ತೆ?" ಎಂದು ಯಾರಾದರೂ ಕೇಳಿದರೋ, ಕೂರಿಸಿಕೊಂಡು ಲೊರೇನ್‌ಳ ಕಥೆ ಪೂರ್ತಿ ಹೇಳುತ್ತಾಳೆ. ತನ್ನ ಪಾಲಿನದ್ದನ್ನು ಒಂದಿಷ್ಟೂ ಬಿಡುವುದಿಲ್ಲ. ಇಬ್ಬರೂ ದಿನಕ್ಕೆರಡು ಸಲವಾದರೂ ಕಿತ್ತಾಡುತ್ತಾರೆ. ಹಳ್ಳದ ನೀರು ಈಗ ನಾರುವುದಿಲ್ಲ. ಈ ಚಳಿಗಾಲದಲ್ಲಿ ಮೂರು ಮರದ ಮಡುವಿಗೆ ಕಾಡುಕುರಿಗಳು ಮರಿ ಕರೆದುಕೊಂಡು ಬಂದವು, ಎರಡು ಮರಿ. ನಾಯಿ ತಿರುಗುತ್ತಿದ್ದ ವರ್ಷಗಳಲ್ಲಿ ಒಂದು ಮರಿಯೂ ಕಂಡಿರಲಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಅಲಿಸಾಲ್‌ಗೆ ಬನ್ನಿ. ಅಥವಾ ನಿಮ್ಮ ಹತ್ತಿರವೇ ಇಂಥದ್ದೊಂದು ಕಾಡೋ ಕಣಿವೆಯೋ ಇದ್ದರೆ ಅಲ್ಲಿಗೆ ಹೋಗಿ. ಹೆಸರು ಬರೆಸಿಯೇ ಒಳಗೆ ಹೋಗಿ. ಜಾಗವಿಲ್ಲ ಎಂದರೆ ಇನ್ನೊಂದು ದಿನ ಬನ್ನಿ, ಕಣಿವೆ ಎಲ್ಲಿಗೂ ಹೋಗುವುದಿಲ್ಲ. ನಾಯಿಯನ್ನು ಮನೆಯಲ್ಲಿ ಬಿಡಿ. ನಿಮ್ಮದನ್ನೆಲ್ಲ ಹೊತ್ತು ವಾಪಸ್ ತನ್ನಿ, ನಾಚಿಕೆಯ ಮಾತೇ ಇಲ್ಲ. ದೂರದ ಬೆಟ್ಟದಲ್ಲಿ ಮೋಡ ಕಂಡರೆ ನಿಮ್ಮ ತಲೆಯ ಮೇಲಿನ ಬಿಸಿಲನ್ನು ನಂಬಬೇಡಿ.

ನೀವು ಆ ಊರಿನವರೇ ಆಗಿದ್ದರೆ ಇನ್ನೊಂದು ಮಾತು. ಕಾಯುವ ಕೆಲಸ ನಿಮಗೆ ಸಿಗದೆ ಬೇರೆಯವರಿಗೆ ಸಿಕ್ಕಿರಬಹುದು. ಹೊಟ್ಟೆ ಉರಿದರೆ ಉರಿಯಲಿ, ಅದು ಯಾರನ್ನೂ ಬಿಟ್ಟಿಲ್ಲ. ಆದರೆ ನಿಮಗೆ ಗೊತ್ತಿರುವುದನ್ನು ಅವರಿಗೆ ಇವತ್ತೇ ಹೋಗಿ ಹೇಳಿ. ಎರ್ಮಿನಿಯಾ ಮೂರು ಟೋರ್ಟಿಯಾ ತಟ್ಟುವಷ್ಟು ಹೊತ್ತು ಸುಮ್ಮನಿದ್ದಳು. ಆ ಹೊತ್ತಿನಲ್ಲಿ ನೀರು ಎಷ್ಟು ಏರಿತು ಎಂದು ಆಕೆ ಇವತ್ತಿಗೂ ಲೆಕ್ಕ ಹಾಕುತ್ತಿದ್ದಾಳೆ. ನೀವು ಅಷ್ಟು ಹೊತ್ತೂ ಸುಮ್ಮನಿರಬೇಡಿ.